‘ಬಿನ್’ ಹಿಡಿದು ಬೇರಿನವರೆಗೆ

ಪಹಣಿಯ ಒಂದು ಸಾಲು ಹೀಗಿರುತ್ತದೆ: ‘ರಂಗಪ್ಪ ಬಿನ್ ಸಿದ್ದಪ್ಪ’. ಮೂರೇ ಪದ. ಜಮೀನು ಯಾರದೆಂದು ತಿಳಿಸಲು ಬರೆದ ಸಾಲು ಅದು. ಆದರೆ ಮನೆತನದ ಚರಿತ್ರೆ ಹುಡುಕುವವರಿಗೆ ಅದರ ನಡುವಿನ ಪುಟ್ಟ ಪದವೇ ಮುಖ್ಯ. ‘ಬಿನ್’ ಎಂದರೆ ಮಗ. ಅರಬ್ಬಿಯಲ್ಲಿ ಹುಟ್ಟಿ, ಹಳೆಯ ಕಚೇರಿಗಳ ಪಾರಸಿಯನ್ನು ಹಾದು, ನಮ್ಮ ಕಂದಾಯದ ಕಾಗದಗಳಲ್ಲಿ ಬಂದು ನೆಲೆಸಿದ ಮಾತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಅಡ್ಡಹೆಸರು ಹೆಚ್ಚಿನ ಮನೆಗಳಿಗಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಮಗನ ಕಾಲಕ್ಕೆ ತಂದೆಯ ಅಕ್ಷರ ಬದಲಾಗುತ್ತದೆ. ಮೊಮ್ಮಗನ ಕಾಲಕ್ಕೆ ಅಜ್ಜನ ಗುರುತು ಹೆಸರಿನಿಂದಲೇ ಜಾರಿಹೋಗುತ್ತದೆ. ಹೀಗಾಗಿ ಇಲ್ಲಿ ಹಿರೀಕರನ್ನು ಹುಡುಕುವವರು ಒಂದೊಂದು ‘ಬಿನ್’ ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ನಡೆಯಬೇಕು.

ಈ ದಾರಿಯಲ್ಲಿ ನಡೆದ ಬೇರೆ ಜನರೂ ಇದ್ದಾರೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಇರುವ ಸಣ್ಣದೊಂದು ಯಹೂದಿ ಸ್ಮಶಾನವಿದೆ. ಯಹೂದಿಗಳ ಸಮಾಧಿಗಲ್ಲಿನ ಮೇಲೆ ಸತ್ತವರ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಕೆತ್ತುವುದು ವಾಡಿಕೆ. ನಡುವೆ ಹೀಬ್ರೂವಿನ ‘ಬೆನ್’ ಎಂಬ ಪದ ಬರುತ್ತದೆ. ಅದರ ಅರ್ಥವೂ ಮಗ. ಅರಬ್ಬಿಯ ‘ಬಿನ್’ಗೂ ಅದಕ್ಕೂ ಬೇರು ಒಂದೇ. ಹೆಣ್ಣಾದರೆ ‘ಬತ್’, ಅಂದರೆ ಮಗಳು. ಕಲ್ಲಿನ ಮೇಲೆ ಹರಸುವ ಎರಡು ಕೈಗಳಿದ್ದರೆ ಆತ ಪುರೋಹಿತ ವಂಶದವನು. ನೀರಿನ ಹೂಜಿಯಿದ್ದರೆ ಲೇವಿ ವಂಶದವನು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಊರಿನ ಹೆಸರಿಗೆ ‘ಕರ್’ ಸೇರಿಸಿಕೊಂಡರು. ರೋಹಾದವರು ರೋಹೇಕರ್, ಪೇಣ್‌ನವರು ಪೇಣ್ಕರ್. ದೇಶ ಬಿಟ್ಟು ದೇಶಕ್ಕೆ ಚದುರಿದ ಆ ಜನ ಕಲ್ಲು, ಹೆಸರು, ಊರು, ಕಾಗದ ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡುವ ಶಿಸ್ತನ್ನೇ ಬೆಳೆಸಿಕೊಂಡಿದ್ದಾರೆ. ಅಂಥದೇ ಸಾಮಗ್ರಿ ನಮ್ಮ ತೆಂಗಿನ ಸೀಮೆಯಲ್ಲೂ ಇದೆ. ಅದನ್ನು ಜೋಪಾನ ಮಾಡಿದ ಕೈಗಳೂ ಇವೆ.

ಹುಡುಕಾಟ ಶುರುವಾಗುವುದು ಮನೆಯೊಳಗೆ. ಮೊದಲ ದಾಖಲೆ ಮನೆಯ ಹಿರಿಯರು. ಅವರನ್ನು ಕೇಳಬೇಕಾದದ್ದು ಹೆಸರುಗಳನ್ನು ಮಾತ್ರವಲ್ಲ, ಮೂರು ಗುರುತುಗಳನ್ನು. ಒಂದು, ಮನೆದೇವರು: ಈಗಿರುವ ಊರು ಯಾವುದೇ ಆಗಲಿ, ಮದುವೆಯ ಮೊದಲ ಪತ್ರಿಕೆ ಇಟ್ಟು ಬರುವುದು ಯಾವ ಗುಡಿಗೆ? ಮನೆದೇವರ ಗುಡಿ ದೂರದ ಸೀಮೆಯಲ್ಲಿದ್ದರೆ, ಹಿರಿಯರು ಆ ಕಡೆಯಿಂದ ವಲಸೆ ಬಂದಿರಬಹುದೆಂಬುದಕ್ಕೆ ಅದು ಮೊದಲ ಸುಳಿವು. ಎರಡು, ಬೆಡಗು: ಒಂದೇ ಮೂಲದವರೆಂದು ನಂಬಿ, ತಮ್ಮೊಳಗೆ ಹೆಣ್ಣು ಕೊಟ್ಟು ತರದ ಕವಲು ಇದು. ಕೆಲವರಲ್ಲಿ ಇದಕ್ಕೆ ಕುಲವೆಂದೂ ಗೋತ್ರವೆಂದೂ ಹೆಸರು. ಮೂರು, ಸೂತಕ ಯಾರ ಯಾರ ಮನೆಗೆ ತಟ್ಟುತ್ತದೆ ಎಂಬುದು. ಈಗ ನೆಂಟಸ್ತಿಕೆ ಹೇಗೆಂದು ವಿವರಿಸಲಾಗದಿದ್ದರೂ ಸಾವಿನ ಸೂತಕ ಆಚರಿಸುವ ಮನೆಗಳು ಹಿಂದೊಮ್ಮೆ ಒಂದೇ ಒಲೆಯವು. ಮರೆತುಹೋದ ದಾಯಾದಿಗಳನ್ನು ಪತ್ತೆ ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ.

ಆಮೇಲೆ ಅಟ್ಟ. ಈ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಕೊಬ್ಬರಿಯ ಜಾಗ. ಸಿಪ್ಪೆ ಸುಲಿಯದ ಕಾಯಿಯನ್ನು ಹೆಚ್ಚುಕಡಿಮೆ ವರ್ಷದವರೆಗೆ ಅಲ್ಲಿ ಹರಡಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅದೇ ಅಟ್ಟದ ಮೂಲೆಯಲ್ಲಿ ತಗಡಿನ ಪೆಟ್ಟಿಗೆಯೊಂದು ಇರುವುದುಂಟು. ಕಂದಾಯ ಕಟ್ಟಿದ ರಸೀತಿ, ಕ್ರಯಪತ್ರ, ಲಗ್ನಪತ್ರಿಕೆ, ಮುಯ್ಯಿ ಪುಸ್ತಕ ಎಲ್ಲ ಅದರೊಳಗೆ. ಮದುವೆಯಲ್ಲಿ ಯಾರು ಎಷ್ಟು ಉಡುಗೊರೆ ಕೊಟ್ಟರೆಂದು ಬರೆದಿಡುವ ಮುಯ್ಯಿ ಪುಸ್ತಕ ಒಂದು ಕುಟುಂಬದ ನೆಂಟರ ಪೂರ್ತಿ ಪಟ್ಟಿ. ಹೆಸರಿನ ಪಕ್ಕದಲ್ಲೇ ಊರೂ ಇರುತ್ತದೆ.

ಮನೆಯ ನೆನಪು ಸಾಮಾನ್ಯವಾಗಿ ನಾಲ್ಕನೆಯ ತಲೆಮಾರಿಗೆ ಮುಗಿಯುತ್ತದೆ. ಮುತ್ತಾತನ ಹೆಸರು ಹೇಳುವವರಿಗೂ ಅವನ ಅಪ್ಪನ ಹೆಸರು ಕೇಳಿದರೆ ಮಾತು ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ದಾರಿ ತೋರಿಸುವವರು ಹೆಳವರು.

ಹೆಳವರು ಕರ್ನಾಟಕದ ಅಲೆಮಾರಿ ಸಮುದಾಯ. ವಂಶಾವಳಿಯನ್ನು ಬರೆದಿಡುವುದು, ಊರೂರಿಗೆ ಹೋಗಿ ಅದನ್ನು ಒಕ್ಕಲ ಮನೆಗಳ ಮುಂದೆ ಹೇಳುವುದು ಅವರ ಕುಲಕಸುಬು. ‘ಹೆಳವ’ ಎಂದರೆ ಕಾಲಿಲ್ಲದವನು, ನಡೆಯಲಾರದವನು. ಅವರ ಕಥೆಗಳಲ್ಲಿ ಮೂಲಪುರುಷ ಹೆಳವನೇ; ಶಿವನ ದಯದಿಂದ ಅವನಿಗೆ ಎತ್ತಿನ ವಾಹನ ದೊರೆಯಿತಂತೆ. ಆ ಕಥೆಯನ್ನು ಅವರು ವೇಷದಲ್ಲೂ ಉಳಿಸಿಕೊಂಡು ಬಂದರು. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆಯ ಸದ್ದಿನೊಂದಿಗೆ ಬೆಳಗಿನ ಹೊತ್ತು ಮನೆಯ ಮುಂದೆ ನಿಲ್ಲುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಾಗಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಹೆಳವರ ಪ್ರಸ್ತಾಪವಿದೆ. ಈಗ ಎತ್ತಿನ ಜಾಗಕ್ಕೆ ಬಸ್ಸು, ಬೈಕು ಬಂದಿವೆ. ಹೆಗಲ ಗಂಟಿನಲ್ಲಿರುವ ಪುಸ್ತಕ ಮಾತ್ರ ಅದೇ.

ಅವರ ಕಸುಬಿನ ಬುನಾದಿ ಊರುಗಳ ಹಂಚಿಕೆ. ಇಂಥ ಊರಿನ ಇಂಥ ಒಕ್ಕಲು ಇಂಥ ಹೆಳವರ ಮನೆಗೆ ಸೇರಿದ್ದೆಂಬ ಕಟ್ಟು ಅವರೊಳಗಿದೆ. ಅಪ್ಪನ ಊರುಗಳು ಆಸ್ತಿಯಂತೆ ಮಕ್ಕಳಿಗೆ ಪಾಲಾಗುತ್ತವೆ. ಊರಿನ ಜೊತೆಗೆ ಆ ಊರಿನ ಪುಸ್ತಕವೂ ಹೋಗುತ್ತದೆ. ಹೀಗಾಗಿ ಒಂದು ಒಕ್ಕಲಿನ ಚರಿತ್ರೆಯ ಹೊಣೆ ತಲೆಮಾರುಗಟ್ಟಲೆ ಒಂದೇ ಹೆಳವ ಮನೆತನದ ಮೇಲೆ ಬೀಳುತ್ತದೆ. ಬಿತ್ತಿದ್ದು ಮನೆಗೆ ಬಂದು ರೈತನ ಕೈ ಸ್ವಲ್ಪ ಬಿಡುವಾಗುವ ಸುಗ್ಗಿಯ ನಂತರದ ತಿಂಗಳುಗಳು ಅವರ ಸಂಚಾರದ ಕಾಲ. ಎಲ್ಲ ಊರನ್ನೂ ಪ್ರತಿವರ್ಷ ಮುಟ್ಟುವುದಾಗುವುದಿಲ್ಲ. ಒಂದು ಮನೆಗೆ ಮತ್ತೆ ಬರುವುದು ಕೆಲವು ವರ್ಷಗಳ ಮೇಲೆ.

ಪುಸ್ತಕದ ರೂಪ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಿಂದೆ ಓಲೆಗರಿ, ಕೆಲವು ಮನೆಗಳಲ್ಲಿ ತಾಮ್ರದ ತಗಡು, ಆಮೇಲೆ ಅಂಗಡಿ ಲೆಕ್ಕದ ಪುಸ್ತಕದಂಥ ದಪ್ಪ ಕಾಗದದ ಹೊತ್ತಿಗೆ. ಹಳೆಯದು ಹುಳು ಹಿಡಿದು ಉದುರುವ ಮುನ್ನ ಅದನ್ನು ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು. ಈ ನಕಲು ಕೆಲಸವೇ ಕಸುಬಿನ ಕಠಿಣ ಭಾಗ. ಒಂದು ಹೆಸರು ಬಿಟ್ಟುಹೋದರೆ ಒಂದು ಕವಲೇ ಕಡಿದುಹೋಗುತ್ತದೆ. ಒಂದೇ ಹೆಸರಿನ ಇಬ್ಬರು ಕಲೆತುಹೋದರೆ ಅಣ್ಣನ ಮಕ್ಕಳು ತಮ್ಮನ ಮಕ್ಕಳಾಗುತ್ತಾರೆ. ಹೆಸರು ಕಲೆಯುವ ಅಪಾಯ ನಮ್ಮಲ್ಲಿ ಹೆಚ್ಚು, ಏಕೆಂದರೆ ಮೊಮ್ಮಗನಿಗೆ ತಾತನ ಹೆಸರಿಡುವುದು ವಾಡಿಕೆ. ರಂಗಪ್ಪನ ಮಗ ಸಿದ್ದಪ್ಪ, ಅವನ ಮಗ ಮತ್ತೆ ರಂಗಪ್ಪ, ಅವನ ಮಗ ಮತ್ತೆ ಸಿದ್ದಪ್ಪ. ಈ ಹೆಣಿಗೆಯನ್ನು ಬಲ್ಲವರಿಗೆ ಅದೇ ಒಂದು ಸಹಾಯ. ಹಿರಿಯ ಮಗನ ಹೆಸರು ಗೊತ್ತಾದರೆ ತಾತನ ಹೆಸರನ್ನು ಊಹಿಸಿ, ದಾಖಲೆಯಲ್ಲಿ ಹುಡುಕಬಹುದು. ಯಹೂದಿಗಳಲ್ಲೂ ಇದೇ ಜಾಣ್ಮೆ ಬಳಕೆಯಲ್ಲಿದೆ. ಯೂರೋಪಿನ ಅಷ್ಕೆನಾಜಿಗಳು ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಡುವವರಾದ್ದರಿಂದ, ಮಗುವಿನ ಹೆಸರು ನೋಡಿ ಅಜ್ಜ ಯಾವ ವರ್ಷದೊಳಗೆ ತೀರಿಕೊಂಡಿರಬೇಕೆಂದು ಲೆಕ್ಕ ಹಾಕುತ್ತಾರೆ.

ಮನೆಯ ಮುಂದಿನ ಆ ಹೊತ್ತನ್ನು ಹತ್ತಿರದಿಂದ ನೋಡಬೇಕು. ಹೆಳವರು ಜಗಲಿಯಲ್ಲಿ ಕೂರುತ್ತಾರೆ. ಬಟ್ಟೆಯ ಗಂಟು ಬಿಚ್ಚಿ ಹೊತ್ತಿಗೆ ಹೊರತೆಗೆಯುತ್ತಾರೆ. ದೇವರ ಸ್ತುತಿಯಾಗುತ್ತದೆ. ನಂತರ ಕುಲ, ಬೆಡಗು, ಮನೆದೇವರು. ನಂತರ ಮೂಲಪುರುಷ ಯಾವ ಊರಿನಿಂದ ಬಂದ, ಈ ಊರಿನಲ್ಲಿ ಹೇಗೆ ನೆಲೆ ನಿಂತ ಎಂಬ ವೃತ್ತಾಂತ. ಅಲ್ಲಿಂದ ಹೆಸರುಗಳ ಸಾಲು: ಅವನಿಗೆ ಇಷ್ಟು ಮಕ್ಕಳು, ಹಿರಿಯನ ಹೆಸರು ಇದು, ನಡುವಿನವನು ಇಂಥ ಊರಿಗೆ ಹೋದ, ಕಿರಿಯನಿಗೆ ಸಂತಾನವಾಗಲಿಲ್ಲ. ಓದು ಅರ್ಧ ಹಾಡಿನಂತೆ, ಒಂದೇ ಲಯದಲ್ಲಿ ಸಾಗುತ್ತದೆ. ಲಯ ಅಲಂಕಾರಕ್ಕಾಗಿ ಇಟ್ಟುಕೊಂಡದ್ದಲ್ಲ. ಹೆಸರೊಂದು ತಪ್ಪಿದರೆ ಲಯವೂ ಎಡವುತ್ತದೆ, ಹೇಳುವವರಿಗೆ ಅಲ್ಲೇ ಗೊತ್ತಾಗುತ್ತದೆ. ತಮಗೆ ತಿಳಿದ ಕೊನೆಯ ಹೆಸರು ಬಂದಾಗ ಮನೆಯವರು ತಲೆಯಾಡಿಸುತ್ತಾರೆ. ತಿಳಿಯದ ಹೆಸರುಗಳು ಮುಗಿದು ತಿಳಿದ ಹೆಸರು ಬರುವ ಆ ಗಳಿಗೆಯಲ್ಲಿ, ಬರಹದ ಸರಪಣಿ ಮನೆಯ ನೆನಪಿಗೆ ಬಂದು ಕೂಡಿಕೊಳ್ಳುತ್ತದೆ. ಪುಸ್ತಕ ನಿಜವೆನ್ನುವುದಕ್ಕೆ ಆ ಕೂಡಿಕೆಯೇ ಪರೀಕ್ಷೆ.

ಓದಿದ ಮೇಲೆ ಬರೆಯುವ ಕೆಲಸ. ಕಳೆದ ಸಲ ಬಂದುಹೋದ ಮೇಲೆ ಮನೆಯಲ್ಲಿ ಹುಟ್ಟಿದವರು ಯಾರು, ಪಾಲಾದವರು ಯಾರು, ಊರು ಬಿಟ್ಟವರು ಯಾರು ಎಂದು ಕೇಳಿ ಹೊಸ ಹೆಸರು ಸೇರಿಸುತ್ತಾರೆ. ಪ್ರತಿಫಲ ಕಾಳು, ಬಟ್ಟೆ, ಹಣ. ಹಿಂದೆ ಅನುಕೂಲಸ್ಥರು ಕರುವನ್ನೋ ಹಸುವನ್ನೋ ಕೊಡುತ್ತಿದ್ದರು. ದೊಡ್ಡ ಕಚೇರಿಯಿಲ್ಲ, ಸಂಬಳವಿಲ್ಲ, ಬೀಗ ಹಾಕಿದ ಕೋಣೆಯಿಲ್ಲ. ಹೆಗಲ ಮೇಲಿನ ಗಂಟಿನಲ್ಲಿ ಸಾವಿರಾರು ಜನರ ಹೆಸರು ಮಳೆ ಬಿಸಿಲು ದಾಟಿ ಉಳಿದಿದೆ. ಅಮೆರಿಕದ ಯೂಟಾದಲ್ಲಿರುವ ಫ್ಯಾಮಿಲಿಸರ್ಚ್ ಸಂಸ್ಥೆ ಹೆಳವರ ಹೊತ್ತಿಗೆಗಳ ಪುಟಗಳನ್ನು ಕ್ಯಾಮೆರಾದಲ್ಲಿ ಹಿಡಿದು ಉಳಿಸುವ ಕೆಲಸಕ್ಕೆ ಕೈಹಾಕಿದೆ. ಹರಿದ್ವಾರದ ಪಂಡರು ಯಾತ್ರಿಕರ ವಂಶ ಬರೆದಿಟ್ಟಿರುವ ಬಹಿಗಳನ್ನೂ ಅದು ಹೀಗೆಯೇ ಚಿತ್ರಿಸಿದೆ.

ಹೆಳವರ ಸರಪಣಿಯನ್ನು ಬೇರೊಂದು ಸಾಕ್ಷಿಯಿಂದ ಒರೆಹಚ್ಚಲು ಕಂದಾಯದ ಕಾಗದಗಳಿವೆ. ಹಿಂದೆ ಊರಿನ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ಕಾಗದ ಬಳಕೆಗೆ ಬರುವ ಮೊದಲು ಅವರು ಬರೆಯುತ್ತಿದ್ದದ್ದು ಕಡತದ ಮೇಲೆ. ಕಡತ ತಯಾರಿಸುವುದೇ ಒಂದು ಕುಶಲ ಕೆಲಸವಾಗಿತ್ತು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಹಲಗೆಯಂತೆ ಬಿಗಿಯಾಗಿ ಕಪ್ಪಗಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಜೋಪಾನವಾಗಿಟ್ಟರೆ ನೂರಾರು ವರ್ಷ ಉಳಿಯುತ್ತದೆ. ಕಚೇರಿಯ ಫೈಲಿಗೆ ನಾವು ಇಂದೂ ‘ಕಡತ’ ಎನ್ನುವುದು ಈ ಕಪ್ಪು ಬಟ್ಟೆಯ ನೆನಪಿನಿಂದಲೇ.

ಮೈಸೂರು ಸೀಮೆಯಲ್ಲಿ ಆಧುನಿಕ ಕಂದಾಯ ಮೋಜಣಿ ಆರಂಭವಾದದ್ದು 1863ರಲ್ಲಿ. ಅಂದಿನಿಂದ ಪ್ರತಿ ಹೊಲಕ್ಕೆ ಸರ್ವೆ ನಂಬರು ಬಂತು. ಹುಡುಕುವವರಿಗೆ ಈ ನಂಬರು ಗಟ್ಟಿ ನೆಲ. ಮನುಷ್ಯರ ಹೆಸರು ಬದಲಾಗುತ್ತದೆ, ಹೊಲದ ನಂಬರು ಬದಲಾಗುವುದು ಕಡಿಮೆ. ಪಾಲಾದಾಗಲೂ ಮೂಲ ನಂಬರಿನ ಮುಂದೆ ಹಿಸ್ಸೆಯ ಅಂಕಿ ಸೇರುತ್ತದೆ ಅಷ್ಟೆ. ಆದ್ದರಿಂದ ವಿಧಾನ ಹೀಗೆ: ಇಂದಿನ ಪಹಣಿಯಲ್ಲಿ ಸರ್ವೆ ನಂಬರು ನೋಡಿ, ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೈಬರಹದ ಹಳೆಯ ಪಹಣಿಗೆ ಹೋಗಿ, ಅಲ್ಲಿಂದ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ಪುಸ್ತಕಕ್ಕೆ. ‘ಪೌತಿ’ ಎಂಬ ಪದ ಕಂಡಲ್ಲಿ ನಿಲ್ಲಿ. ಪೌತಿ ಎಂದರೆ ಮರಣ. ತೀರಿಕೊಂಡವರ ಹೆಸರಿನಿಂದ ಜಮೀನು ವಾರಸುದಾರರಿಗೆ ಇಳಿಯುವುದು ಅಲ್ಲೇ. ತಂದೆ ಮಕ್ಕಳ ಸಂಬಂಧ ಸರ್ಕಾರದ ಮೊಹರಿನೊಡನೆ ಸಿಗುವುದೂ ಅಲ್ಲೇ. ಪೌತಿ ಖಾತೆಗೆ ವಂಶವೃಕ್ಷ ಬರೆದು ಕೊಡಬೇಕಾದ್ದರಿಂದ, ಮರೆತುಹೋಗಿದ್ದ ಅಣ್ಣತಮ್ಮಂದಿರೆಲ್ಲ ಒಂದೇ ಹಾಳೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಹಳೆಯ ಕಾಗದ ಓದುವವರು ಒಂದು ಮಾತು ನೆನಪಿಡಬೇಕು: ಇಂದಿನ ತಿಪಟೂರು ತಾಲ್ಲೂಕಿಗೆ ಹಿಂದೆ ಹೊನ್ನವಳ್ಳಿ ತಾಲ್ಲೂಕೆಂದು ಹೆಸರಿತ್ತು.

ಇನ್ನೂ ಶ್ರೀಮಂತ ದಾಖಲೆ ಪಾಲು ಪತ್ರ. ಅಣ್ಣತಮ್ಮಂದಿರು ಬೇರೆಯಾದಾಗ ಬರೆದ ಈ ಪತ್ರದಲ್ಲಿ ಅವರ ಹೆಸರು, ತಂದೆಯ ಹೆಸರು, ಮನೆಯ ಅಂಕಣ, ಹೊಲದ ಚೆಕ್ಕುಬಂದಿ ಎಲ್ಲ ಬರುತ್ತದೆ. ಚೆಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಎಲ್ಲೆ; ಅದರಲ್ಲಿ ಅಕ್ಕಪಕ್ಕದ ಹೊಲದವರ ಹೆಸರಿರುತ್ತದೆ. ಪಕ್ಕದ ಹೊಲದವರು ಬಹಳ ಸಲ ಹಿಂದಿನ ತಲೆಮಾರಿನಲ್ಲಿ ಪಾಲಾದ ದಾಯಾದಿಗಳೇ ಆಗಿರುತ್ತಾರೆ. ತೆಂಗಿನ ಸೀಮೆಯ ಪಾಲು ಪತ್ರಗಳಲ್ಲಿ ನೆಲದ ಜೊತೆಗೆ ಮರಗಳನ್ನೂ ಎಣಿಸಿ ಹಂಚಿರುತ್ತಾರೆ. ಮರ ಇಲ್ಲಿ ಆಸ್ತಿಯೂ ಹೌದು, ಸಾಕ್ಷಿಯೂ ಹೌದು.

ಸಾಕ್ಷಿ ಹೇಗೆಂದು ತೆಂಗಿನ ಕಾಂಡದ ಪಕ್ಕ ನಿಂತು ನೋಡಿದರೆ ತಿಳಿಯುತ್ತದೆ. ಗರಿ ಉದುರಿದ ಜಾಗದಲ್ಲೆಲ್ಲ ಒಂದು ಉಂಗುರದ ಗುರುತು ಉಳಿದಿರುತ್ತದೆ. ಚೆನ್ನಾಗಿ ಬೆಳೆದ ಎತ್ತರದ ತಳಿಯ ಮರ ವರ್ಷಕ್ಕೆ ಸುಮಾರು 12ರಿಂದ 14 ಗರಿ ಬಿಡುತ್ತದೆ, ಅಂದರೆ ಹೆಚ್ಚುಕಡಿಮೆ ತಿಂಗಳಿಗೊಂದು. ಉಂಗುರಗಳನ್ನು ಎಣಿಸಿ 12ರಿಂದ ಭಾಗಿಸಿ, ಕಾಂಡ ಮೂಡುವ ಮೊದಲಿನ ನಾಲ್ಕೈದು ವರ್ಷ ಸೇರಿಸಿದರೆ ಮರದ ವಯಸ್ಸು ಅಂದಾಜಿಗೆ ಸಿಗುತ್ತದೆ. ಬರದ ವರ್ಷಗಳಲ್ಲಿ ಗರಿ ಕಡಿಮೆ, ಉಂಗುರಗಳು ಒತ್ತೊತ್ತು. ಬುಡದ ಗುರುತುಗಳು ಸವೆದಿರುತ್ತವೆ. ಆದ್ದರಿಂದ ಲೆಕ್ಕ ಹತ್ತು ವರ್ಷ ಆಚೀಚೆಯಾಗಬಹುದು. ಆದರೂ ‘ಈ ಸಾಲು ನಮ್ಮ ತಾತ ಮದುವೆಯಾದ ವರ್ಷ ಇಟ್ಟದ್ದು’ ಎಂಬ ಮನೆಯ ಮಾತಿಗೆ ಮರ ತನ್ನ ಮೈಮೇಲೆಯೇ ಉತ್ತರ ಬರೆದುಕೊಂಡಿರುತ್ತದೆ.

ಇಸವಿ ಹಿಡಿಯುವ ಇನ್ನೊಂದು ಸಾಧನ ಸಂವತ್ಸರ. ಹಳೆಯ ಪತ್ರಗಳಲ್ಲೂ ಮುದುಕರ ಮಾತಿನಲ್ಲೂ ವರ್ಷಕ್ಕೆ ಅಂಕಿಯಿಲ್ಲ, ಹೆಸರಿದೆ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಪ್ರಭವ 1867ರಲ್ಲಿ ಬಂತು, 1927ರಲ್ಲಿ ಬಂತು, 1987ರಲ್ಲಿ ಬಂತು. ‘ಶ್ರೀಮುಖದಲ್ಲಿ ಹುಟ್ಟಿದವರು’ ಎಂದರೆ 1873 ಇರಬಹುದು, 1933 ಇರಬಹುದು. 60 ವರ್ಷವೆಂದರೆ ಎರಡು ತಲೆಮಾರಿಗಿಂತ ಹೆಚ್ಚು. ಮಕ್ಕಳ ವಯಸ್ಸು, ಪೌತಿಯ ವರ್ಷ ಇವುಗಳ ಜೊತೆ ಇಟ್ಟು ನೋಡಿದರೆ ಯಾವ ಸುತ್ತಿನದೆಂದು ತೀರ್ಮಾನಿಸುವುದು ಕಷ್ಟವಲ್ಲ.

ಧಾತು, ಈಶ್ವರ ಎಂಬ ಎರಡು ಹೆಸರುಗಳ ಬಳಿ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಕು. ಅವು 1876ರಿಂದ 1878ರವರೆಗಿನ ದೊಡ್ಡ ಬರದ ವರ್ಷಗಳು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ವಂಶಾವಳಿಯಲ್ಲಿ ಒಂದೇ ತಲೆಮಾರಿನ ಎಷ್ಟೋ ಕವಲುಗಳು ಒಟ್ಟಿಗೆ ನಿಂತುಹೋದದ್ದು, ಒಬ್ಬನೇ ಮಗ ಬೇರೆ ಊರಲ್ಲಿ ಕಾಣಿಸಿಕೊಂಡದ್ದು ಕಂಡರೆ, ಕಾಲ ಅದೇ ಇರಬಹುದೇ ಎಂದು ನೋಡಬೇಕು. ಬರೆದ ಕೈ ತಪ್ಪಿ ಬಿಟ್ಟಿತೆಂದುಕೊಂಡ ಖಾಲಿ ಜಾಗ ಹಸಿವಿನ ಗುರುತಾಗಿರಬಹುದು.

ಕಾಗದಕ್ಕೂ ಹಿಂದೆ ಹೋದರೆ ಕಲ್ಲು. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು, ಪ್ರಕಟವಾದದ್ದು 1904ರಲ್ಲಿ. ಊರ ಮುಂದಿನ, ಕೆರೆ ಏರಿಯ, ಗುಡಿಯ ಅಂಗಳದ ಬರಹಗಳು ಅದರಲ್ಲಿ ತಾಲ್ಲೂಕುವಾರು ಸೇರಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ತುರು ಎಂದರೆ ದನ. ತುರುಗೊಳ್ ಎಂದರೆ ದನ ಹಿಡಿದುಕೊಂಡು ಹೋಗುವ ಕಾಳಗ. ಅದನ್ನು ತಡೆದು ಸತ್ತವನ ಹೆಸರಿನ ಜೊತೆ ತಂದೆಯ ಹೆಸರನ್ನೂ ಕಲ್ಲು ಹೇಳುವುದುಂಟು. ಆದರೆ ಒಂದು ಎಚ್ಚರಿಕೆ ಬೇಕು. ಊರ ವೀರಗಲ್ಲಿನವನು ನಮ್ಮ ಪೂರ್ವಜನೆಂದು ಸಾಕ್ಷಿಯಿಲ್ಲದೆ ಸೇರಿಸಿಕೊಳ್ಳಬಾರದು. ಕಲ್ಲು ಊರಿನ ಚರಿತ್ರೆ ಹೇಳುತ್ತದೆ. ಮನೆಗೂ ಅದಕ್ಕೂ ನಡುವಿನ ಕೊಂಡಿ ಬೇರೆ ಕಡೆ ಸಿಗಬೇಕು.

ಇಷ್ಟೆಲ್ಲ ಸಾಧನಗಳಲ್ಲೂ ಹಿಡಿಯಲು ಕಷ್ಟವಾಗುವುದು ಹೆಂಗಸರ ಎಳೆ. ಹೆಳವರ ಹೊತ್ತಿಗೆಯಲ್ಲಿ ವಂಶ ಸಾಗುವುದು ಗಂಡುಮಕ್ಕಳ ಹೆಸರಿನಲ್ಲಿ. ಅಜ್ಜಿಯರು ಹೆಚ್ಚಾಗಿ ಸಿಗುವುದು ಕಂದಾಯದ ಇನ್ನೊಂದು ಪುಟ್ಟ ಪದದ ಪಕ್ಕ: ‘ಗಂಗಮ್ಮ ಕೋಂ ರಂಗಪ್ಪ’. ‘ಕೋಂ’ ಎಂದರೆ ಹೆಂಡತಿ. ಗಂಡ ತೀರಿದ ಮೇಲೆ ಖಾತೆ ಹೆಂಡತಿಯ ಹೆಸರಿಗೆ ಬಂದಿದ್ದರೆ ಆಕೆಯ ಹೆಸರು ಉಳಿದಿದೆ. ಇಲ್ಲದಿದ್ದರೆ ಬಾಯಿಮಾತೇ ಗತಿ. ಮುಯ್ಯಿ ಪುಸ್ತಕದಲ್ಲಿ ತವರಿನ ಊರು ಹುಡುಕಬೇಕು. ಮೊದಲ ಹೆರಿಗೆಗೆ ಯಾವ ಊರಿಗೆ ಹೋಗಿದ್ದರು, ಸೋದರಮಾವ ಯಾವ ಊರಿನವರು ಎಂದು ಕೇಳಬೇಕು. ಸೋದರತ್ತೆಯನ್ನು ಕೇಳಬೇಕು, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳಿಗೆ ತವರಿನ ಸಂಗತಿ ತವರಿನವರಿಗಿಂತ ಚೆನ್ನಾಗಿ ನೆನಪಿರುತ್ತದೆ.

ಸಿಕ್ಕಿದ್ದನ್ನೆಲ್ಲ ಜೋಡಿಸುವಾಗ ಪಾಲಿಸಬೇಕಾದ ನಿಯಮಗಳು ಸರಳ. ಇಂದಿನಿಂದ ಆರಂಭಿಸಿ ಹಿಂದಕ್ಕೆ ಹೋಗಬೇಕು; ಮೂಲಪುರುಷನಿಂದ ಕೆಳಗಿಳಿಯಬಾರದು. ಪ್ರತಿ ಹೆಸರಿನ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತೆಂದು ಬರೆಯಬೇಕು: ಯಾರು ಹೇಳಿದ್ದು, ಯಾವ ಸರ್ವೆ ನಂಬರು, ಯಾವ ಪುಸ್ತಕ. ಒಂದು ಸಂಬಂಧಕ್ಕೆ ಎರಡು ಸಾಕ್ಷಿ ಸಿಗುವವರೆಗೂ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಹೆಳವರ ಹೊತ್ತಿಗೆಯೂ ಪೌತಿಯ ಪುಟವೂ ಒಂದೇ ಹೆಸರು ಹೇಳಿದ ದಿನ ಅದರ ಮೇಲೆ ಶಾಯಿ ತೀಡಬಹುದು.

ಸುಗ್ಗಿ ಮುಗಿದ ಮೇಲೆ ಹೆಳವರು ಬಂದರೆ ಜಗಲಿಯಲ್ಲಿ ಕೂರಿಸಿ, ಅವಸರ ಮಾಡದೆ, ಕೊನೆಯವರೆಗೂ ಕೇಳಬೇಕು. ಹೊಸದಾಗಿ ಹುಟ್ಟಿದವರು ಯಾರೆಂದು ಅವರು ಕೇಳುವ ಹೊತ್ತಿಗೆ ಮನೆಯ ಹೆಣ್ಣುಮಗುವಿನ ಹೆಸರನ್ನೂ ಹೇಳಿ. ಸೊಸೆಯ ಹೆಸರನ್ನೂ ಅವಳ ತವರೂರನ್ನೂ ಹೇಳಿ. ಅಷ್ಟು ದೂರದಿಂದ ಹೊತ್ತು ತಂದ ಪುಸ್ತಕದಲ್ಲಿ ಇನ್ನೆರಡು ಸಾಲಿಗೆ ಜಾಗವಿರುತ್ತದೆ. ಅವು ಬರಹವಾಗುವವರೆಗೂ ಪಕ್ಕದಲ್ಲೇ ಕೂತಿದ್ದು ಬರೆಸಿ.